ನೋವಿರುವ ಮಂಡಿಯೇ ನಡೆಯಬೇಕು

ಧಾರೇಶ್ವರದ ಕಡಲ ದಂಡೆಗೆ ಬೆಳಿಗ್ಗೆ ನಡೆಯಲು ಬನ್ನಿ ಎಂದು ಮನೆಮನೆಗೆ ಹೋಗಿ ಕರೆದೆ. ಮಕ್ಕಳ ಆಟದ ಪಿರಿಯಡ್ ಕಿತ್ತುಕೊಳ್ಳಬೇಡಿ ಎಂದು ಪಾಲಕರ ಸಭೆಯಲ್ಲಿ ಹೇಳಿದೆ. ಎರಡಕ್ಕೂ ಆಕ್ಷೇಪ ಬಂದಿದೆ. ಆಡಿದವರೆಲ್ಲ ನನ್ನವರೇ, ಕೆಲವರು ನನ್ನ ಹತ್ತಿರ ಅಕ್ಷರ ಕಲಿತವರು. ಅದಕ್ಕೇ ಸುಮ್ಮನಿರಲಾರೆ.

“ಮಂಡಿ ಸವೆದಿದೆ, ನಡೆದರೆ ಇನ್ನೂ ಸವೆಯುತ್ತದೆ” ಎಂಬುದು ಮೊದಲನೆಯದು. ಇದೇ ಮಾತು ನಂಬಿ ನಾನು ಎಂಟು ತಿಂಗಳು ಕುಳಿತೆ. ನೋವು ಹೋಗಲಿಲ್ಲ, ತೊಡೆ ಸೊರಗಿತು. ಬಸ್ಸಿನ ಮೆಟ್ಟಿಲು ಹತ್ತಲು ಯಾರಾದರೂ ಕೈ ಹಿಡಿಯಬೇಕಾಯಿತು. ಕೀಲಿನೊಳಗಿನ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಕಾಲೂರಿದಾಗ ಒತ್ತಿ, ಎತ್ತಿದಾಗ ಹಿಗ್ಗಿ, ಕೀಲಿನ ದ್ರವದಿಂದಲೇ ಅದು ತನ್ನ ಆಹಾರ ಹೀರಿಕೊಳ್ಳಬೇಕು. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಕೀಲಿಗೆ ಆಸರೆ. ಮಂಡಿನೋವು ಪೂರ್ತಿ ಮಾಯವಾಗುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ. ಇಳಿಕೆ ಸಾಧಾರಣ, ಒಬ್ಬೊಬ್ಬರಿಗೆ ಒಂದೊಂದು ಥರ. ಸೊಂಟನೋವಿನ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಆಗಷ್ಟೇ ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹಂತಹಂತವಾಗಿ ನಡಿಗೆ ರೂಢಿಸಿಕೊಂಡವರಲ್ಲಿ ನೋವು ಮರಳಲು ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಲ್ಲಿ 112 ದಿನ. ಸುಮಾರು ಮೂರು ತಿಂಗಳ ಅಂತರ. ನೋವು ತಿಂದವರಿಗೇ ಗೊತ್ತು, ಮೂರು ತಿಂಗಳೆಂದರೆ ಎಷ್ಟು ಎಂದು.

“ಗದ್ದೆ, ತೋಟದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಎಂತಕ್ಕೆ?” ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಹೊರೆ ಹೊತ್ತು ದಣಿದವರಿಗೆ ಇನ್ನಷ್ಟು ದಣಿಯಿರಿ ಎಂದು ಹೇಳುವ ಬಾಯಿ ನನಗಿಲ್ಲ. ಆದರೆ ನೆಟ್ಟಿಯಲ್ಲಿ ದಿನವಿಡೀ ಬಗ್ಗಿದ ಬೆನ್ನು, ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಗಂಟೆಗಟ್ಟಲೆ ಮಡಚಿದ ಕಾಲು ಒಂದೇ ಭಂಗಿಯಲ್ಲಿ ಸಿಕ್ಕಿಕೊಂಡಿರುತ್ತವೆ. ನೋಯುತ್ತಿದೆಯೆಂದು ನಡುವೆ ನಿಲ್ಲಿಸುವಂತೆಯೂ ಇಲ್ಲ. ಅಂಥವರಿಗೆ ಬೇಕಾದದ್ದು ಬೆನ್ನು ನೆಟ್ಟಗೆ ಮಾಡಿ, ಕೈ ಬೀಸಿ, ತಮ್ಮ ವೇಗದಲ್ಲಿ ಸಾಗುವ ಹತ್ತು ನಿಮಿಷ.

ಮಕ್ಕಳ ವಿಷಯಕ್ಕೆ ಬರುತ್ತೇನೆ. “ಎಸ್ಸೆಸ್ಸೆಲ್ಸಿ ವರ್ಷ, ಆಟಕ್ಕೆ ಬಿಟ್ಟರೆ ಮಾರ್ಕ್ಸ್ ಹೋಗುತ್ತದೆ” ಎಂದಿರಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂಬತ್ತು ಹತ್ತು ವಯಸ್ಸಿನ 20 ಮಕ್ಕಳನ್ನು 20 ನಿಮಿಷ ಚುರುಕಾಗಿ ನಡೆಸಿ, ಅನಂತರ ಪರೀಕ್ಷೆ ಕೊಟ್ಟು ನೋಡಿದರು. ಸುಮ್ಮನೆ ಕುಳಿತ ದಿನಕ್ಕಿಂತ ನಡೆದ ದಿನ ಗಮನ ಹೆಚ್ಚು ನಿಖರವಾಗಿತ್ತು, ಓದಿದ್ದು ಹೆಚ್ಚು ತಲೆಗೆ ಹತ್ತಿತ್ತು. ಮಕ್ಕಳ ಸಂಖ್ಯೆ ಸಣ್ಣದು, ಒಪ್ಪಿದೆ. ಆದರೆ ನಲವತ್ತು ನಿಮಿಷದ ಪಿರಿಯಡ್ ಕಿತ್ತುಕೊಂಡರೆ ಮಾರ್ಕ್ಸ್ ಏರುತ್ತದೆ ಎಂಬುದಕ್ಕೆ ನಿಮ್ಮ ಹತ್ತಿರ ಅಷ್ಟಾದರೂ ಇದೆಯೇ? ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯಕ್ಷಗಾನ ಕಲಿಯುವ ನಮ್ಮ ಮಕ್ಕಳನ್ನೇ ನೋಡಿ, ತಾಳವನ್ನು ಕಾಲಿನಲ್ಲಿ ಹಾಕಿ ಹಾಕಿ ನೆನಪಿಗೆ ಇಳಿಸುತ್ತಾರೆ.

“ಅಕ್ಕೋರೇ, ಈ ವಯಸ್ಸಿಗೆ ಎಂತ ಮಾಡಿದರೂ ಅಷ್ಟೇ” ಎಂದವರೂ ಇದ್ದಾರೆ. ನಮ್ಮ ಪಕ್ಕದ ಹೊನ್ನಾವರದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಯಕ್ಷಗಾನ ರಂಗದಲ್ಲಿ ಕುಣಿದರು. ಅವರು ಎಳವೆಯಿಂದ ಗೆಜ್ಜೆ ಕಟ್ಟಿದವರು, ನಮ್ಮ ಮಾತು ಬೇರೆ ಎನ್ನುತ್ತೀರಿ. ಸರಿ, ಬಾಸ್ಟನ್ನಿನ ವೃದ್ಧಾಶ್ರಮಕ್ಕೆ ಹೋಗೋಣ. 86ರಿಂದ 96 ವಯಸ್ಸಿನ ಹತ್ತು ನಿತ್ರಾಣ ಜೀವಗಳಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶ: ತೊಡೆಯ ಬಲ ಎರಡೂವರೆ ಪಟ್ಟಿಗೂ ಮಿಕ್ಕಿ ಏರಿತ್ತು.

ಮರೆವಿನ ಬಗ್ಗೆ ನಾನು ಉತ್ಪ್ರೇಕ್ಷೆ ಮಾಡುತ್ತೇನೆ ಎಂಬ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. 2011ರಲ್ಲಿ ಪ್ರಕಟವಾದ, 120 ಹಿರಿಯರ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ನಡೆದವರ ಮಿದುಳಿನ ಹಿಪ್ಪೋಕ್ಯಾಂಪಸ್, ಅಂದರೆ ಹೊಸ ನೆನಪು ಕಟ್ಟುವ ಭಾಗ, ಒಂದು ವರ್ಷದಲ್ಲಿ ಶೇ 2ರಷ್ಟು ಹಿಗ್ಗಿತ್ತು. ಬರೀ ಮೈ ಚಾಚಿ ಸಡಿಲಿಸಿದವರದ್ದು ಕುಗ್ಗಿತ್ತು. ಆದರೆ 2022ರಲ್ಲಿ ಬಂದ, 585 ಹಿರಿಯರ ಅಧ್ಯಯನದಲ್ಲಿ ವ್ಯಾಯಾಮದಿಂದ ನೆನಪಿನ ಶಕ್ತಿಗೆ ವಿಶೇಷ ಲಾಭ ಕಾಣಲಿಲ್ಲ. ಆದ್ದರಿಂದ ನಡೆದರೆ ಮರೆವೇ ಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಾನು ಹೇಳಿದರೂ. ಇಷ್ಟು ಮಾತ್ರ ನನ್ನ ಅನುಭವದಿಂದ ಹೇಳಬಲ್ಲೆ: ರಾತ್ರಿಯಿಡೀ ಸೊಂಟ ಹಿಡಿದುಕೊಂಡು ಹೊರಳಾಡಿದ ಬೆಳಿಗ್ಗೆ ಗ್ಯಾಸಿನ ಮೇಲೆ ಹಾಲಿಟ್ಟದ್ದೇ ಮರೆತುಹೋಗುತ್ತದೆ. ನೋವು ಇಳಿದು ನಿದ್ದೆ ಹತ್ತಿದ ಮೇಲೆ ನನ್ನ ಆ ಮರೆವು ಕಡಿಮೆಯಾಗಿದೆ.

ಕೊನೆಯದನ್ನು ಎದುರಿಗೆ ಯಾರೂ ಹೇಳಲಿಲ್ಲ, ಬೇಲಿಯಾಚೆಯಿಂದ ಕೇಳಿತು: “ಹೆಂಗಸರು ಬೆಳಬೆಳಿಗ್ಗೆ ದಂಡೆಯ ಮೇಲೆ ತಿರುಗಿದರೆ ಊರು ಎಂತ ಹೇಳೀತು?” ಮೀನಿನ ಬುಟ್ಟಿ, ತರಕಾರಿ ಬುಟ್ಟಿ ಹೊತ್ತು ಹೆಂಗಸರು ನಡೆದಾಗ ಊರು ಏನೂ ಹೇಳಲಿಲ್ಲ. ಹೊಟ್ಟೆಪಾಡಿಗೆ ನಡೆದವಳು ತನ್ನ ಸೊಂಟಕ್ಕಾಗಿ ನಡೆಯಬಾರದೇ?

ಕೀಲು ಬಿಸಿಯಾಗಿ ಊದಿದ್ದರೆ, ಕಾಲು ಜೋಮು ಹಿಡಿದು ಬಲ ತಪ್ಪಿದ್ದರೆ, ನಡೆದಾಗ ಎದೆ ಬಿಗಿಯುತ್ತಿದ್ದರೆ ಮೊದಲು ಡಾಕ್ಟರರನ್ನು ಕಾಣಿ. ಉಳಿದವರು ಇಳಿತದ ಹೊತ್ತಿಗೆ ಬನ್ನಿ. ಆಗ ನೀರಂಚಿನ ಮರಳು ಗಟ್ಟಿಯಿರುತ್ತದೆ, ಕಾಲು ಹೂತುಹೋಗುವುದಿಲ್ಲ. ಮೊದಲ ವಾರ ಹತ್ತೇ ನಿಮಿಷ. ಕತ್ತಲಿದ್ದರೆ ಟಾರ್ಚು ನಾನು ತರುತ್ತೇನೆ.