ಕೂಸು ಬಡವಾಗದಿರಲಿ

ರಗ್ಬಿಯು ನಮ್ಮ ನಾಡಿನ ಓದುಗರಿಗೆ ತೀರ ಆಪ್ತವಾದ ಆಟವೇನಲ್ಲ. ಮೊಟ್ಟೆಯಾಕಾರದ ಚೆಂಡು, ಹದಿನೈದು ಹದಿನೈದು ಜನರ ಎರಡು ಪಡೆಗಳು, ಮೈಗೆ ಮೈ ಅಪ್ಪಳಿಸುವ ಹೋರಾಟ. ಇಷ್ಟನ್ನು ದೂರದರ್ಶನದಲ್ಲಿ ಕಂಡವರುಂಟು. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರು ಹೊತ್ತ ತಂಡವೂ ಒಂದಿತ್ತು. ಆದರೆ ನಾನು ಇಂದು ಬರೆಯಹೊರಟಿರುವುದು ಆ ಆಟ ಬೇರೂರಿರುವ ದೇಶಗಳ ಒಂದು ಹಳೆಯ ವ್ಯಾಜ್ಯದ ಬಗೆಗೆ. ಸಂಬಳ ಕೊಡುವ ಕ್ಲಬ್ಬಿಗೂ ಕೀರ್ತಿ ಕೊಡುವ ದೇಶಕ್ಕೂ ಒಬ್ಬನೇ ಆಟಗಾರ ಏಕಕಾಲದಲ್ಲಿ ಹೇಗೆ ಸಲ್ಲಬೇಕು ಎಂಬುದೇ ಆ ವ್ಯಾಜ್ಯ. ಐ.ಪಿ.ಎಲ್. ಬಂದ ಮೇಲೆ ಈ ಪ್ರಶ್ನೆ ನಮಗೂ ಅಪರಿಚಿತವಲ್ಲ.

ಇದರ ಮೂಲ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1895ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಕ್ಲಬ್ಬುಗಳು, ಆಟಕ್ಕಾಗಿ ಒಂದು ದಿನದ ಕೂಲಿ ಕಳೆದುಕೊಳ್ಳುವ ಗಣಿ ಮತ್ತು ಗಿರಣಿಯ ಕೆಲಸಗಾರರಿಗೆ ಪರಿಹಾರ ಕೊಡಬೇಕೆಂದು ಕೇಳಿ, ಅದು ಸಿಗದೆ ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಸಭೆ ಸೇರಿ ಬೇರೆಯಾದವು. ಅವರ ಆಟವೇ ಮುಂದೆ ರಗ್ಬಿ ಲೀಗ್ ಆಯಿತು. ಉಳಿದ ಶಾಖೆಯಾದ ರಗ್ಬಿ ಯೂನಿಯನ್, ಹಣ ಪಡೆದು ಆಡುವುದನ್ನು ಆಮೇಲೂ ನೂರು ವರ್ಷ ನಿಷೇಧಿಸಿ, 1995ರ ಆಗಸ್ಟ್‌ನಲ್ಲಿ ಆ ನಿಷೇಧವನ್ನು ತೆಗೆದುಹಾಕಿತು. ಆಗ ಇಂಗ್ಲೆಂಡಿನ ಮಂಡಳಿ ಒಂದು ವರ್ಷ ಕಾದು ನೋಡೋಣವೆಂದು ಕುಳಿತಿತು. ಅಷ್ಟರಲ್ಲಿ ಕ್ಲಬ್ಬುಗಳನ್ನು ಕೊಂಡ ಸಿರಿವಂತರು ಆಟಗಾರರೊಡನೆ ಕರಾರು ಮಾಡಿಕೊಂಡರು. ನ್ಯೂಜಿಲೆಂಡಿನಲ್ಲಿ ಮಾತ್ರ ಕರಾರು ರಾಷ್ಟ್ರೀಯ ಮಂಡಳಿಯ ಕೈಗೆ ಬಂತು. ಐರ್ಲೆಂಡೂ ಬಹುಬೇಗ ಅದೇ ದಾರಿ ಹಿಡಿಯಿತು. ಆ ಕೆಲವು ತಿಂಗಳುಗಳ ನಿರ್ಧಾರದ ಫಲವನ್ನು ಆಟಗಾರರು ಇಂದಿಗೂ ಉಣ್ಣುತ್ತಿದ್ದಾರೆ.

ಇಂಗ್ಲೆಂಡಿನ ಆಟಗಾರನೊಬ್ಬನ ವರ್ಷವನ್ನು ನೋಡಿ. ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಕ್ಲಬ್ಬಿನ ಋತು. ನಡುವೆ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಪಂದ್ಯಗಳು, ಫೆಬ್ರವರಿ-ಮಾರ್ಚ್‌ನಲ್ಲಿ ಸಿಕ್ಸ್ ನೇಷನ್ಸ್, ಋತು ಮುಗಿಯಿತೆನ್ನುವಾಗ ಜುಲೈಯಲ್ಲಿ ದಕ್ಷಿಣ ಗೋಳಾರ್ಧದ ಪ್ರವಾಸ. ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್, ನಾಲ್ಕು ವರ್ಷಕ್ಕೊಮ್ಮೆ ಲಯನ್ಸ್ ಪ್ರವಾಸ. ಗೊತ್ತುಪಡಿಸಿದ ವಾರಗಳಲ್ಲಿ ಕ್ಲಬ್ಬು ತನ್ನ ಆಟಗಾರನನ್ನು ದೇಶಕ್ಕೆ ಬಿಟ್ಟುಕೊಡಲೇಬೇಕೆಂಬುದು ಆಟದ ಜಾಗತಿಕ ಸಂಸ್ಥೆಯಾದ ವರ್ಲ್ಡ್ ರಗ್ಬಿಯ ನಿಯಮ. ಆ ವಾರಗಳ ಹೊರಗೆ ಬಿಡಬೇಕಾದುದಿಲ್ಲ. 2013ರ ನವೆಂಬರ್ 30ರಂದು ವೇಲ್ಸ್ ತಂಡ ಆಸ್ಟ್ರೇಲಿಯಾದೊಡನೆ ಈ ಅವಧಿಯ ಹೊರಗೆ ಒಂದು ಪಂದ್ಯ ಆಡಿತು. ನಾರ್ಥಾಂಪ್ಟನ್ ಕ್ಲಬ್ಬು ತನ್ನ ಆಟಗಾರ ಜಾರ್ಜ್ ನಾರ್ತ್‌ನನ್ನು ಅದಕ್ಕೆ ಕಳಿಸಿಕೊಟ್ಟಿತು. ಇಂಗ್ಲೆಂಡಿನ ಕ್ಲಬ್ಬುಗಳ ಒಕ್ಕೂಟ ಅದಕ್ಕೆ 60,000 ಪೌಂಡ್ ದಂಡ ಹಾಕಿತು! ತಾಯ್ನಾಡಿನ ಪರ ಆಡಲು ಬಿಟ್ಟದ್ದೇ ಅಪರಾಧವಾಯಿತು.

ಇಲ್ಲಿ ಕ್ಲಬ್ಬನ್ನು ಖಳನನ್ನಾಗಿ ಚಿತ್ರಿಸುವುದು ಸುಲಭ, ಆದರೆ ನ್ಯಾಯವಲ್ಲ. ಹದಿಹರೆಯದ ಹುಡುಗನನ್ನು ಹುಡುಕಿ, ಕಲಿಸಿ, ವರ್ಷವಿಡೀ ಸಂಬಳ ಕೊಡುವುದು ಕ್ಲಬ್ಬು. ಸಿಕ್ಸ್ ನೇಷನ್ಸ್ ನಡೆಯುವಾಗ ಆತನಿಲ್ಲದೆ ಪಂದ್ಯ ಸೋಲುವುದೂ ಕ್ಲಬ್ಬೇ. ಇತ್ತ ರಾಷ್ಟ್ರೀಯ ತಂಡದ ಪಂದ್ಯಗಳಿಂದ ಬರುವ ಆದಾಯವಿಲ್ಲದಿದ್ದರೆ ಶಾಲೆಯ ಮಕ್ಕಳಿಂದ ಮೊದಲ್ಗೊಂಡು ಇಡೀ ಆಟವೇ ಬಡವಾಗುತ್ತದೆಂಬ ಮಂಡಳಿಯ ವಾದವೂ ಸುಳ್ಳಲ್ಲ.

ನಾನು ಪ್ರೌಢಶಾಲೆಯಲ್ಲಿದ್ದ ದಿನಗಳಲ್ಲಿ ಇಂಥದೇ ಜಗ್ಗಾಟವನ್ನು ಕಂಡಿದ್ದೇನೆ. ಹತ್ತನೆಯ ತರಗತಿಯ ಚುರುಕಾದ ಹುಡುಗನೊಬ್ಬ ಬೆಳಗಿನ ಆರು ಗಂಟೆಗೆ ಕಬಡ್ಡಿ ಅಭ್ಯಾಸಕ್ಕೆ ಬರಬೇಕೆಂದು ದೈಹಿಕ ಶಿಕ್ಷಕರು, ಅದೇ ಆರು ಗಂಟೆಗೆ ವಿಶೇಷ ತರಗತಿಗೆ ಬರಬೇಕೆಂದು ಗಣಿತದ ಮೇಷ್ಟ್ರು. ಇಬ್ಬರದೂ ಪ್ರೀತಿಯೇ. ಹುಡುಗ ರಾತ್ರಿ ಎಷ್ಟು ಹೊತ್ತು ಮಲಗಿದ್ದನೆಂದು ಮಾತ್ರ ಇಬ್ಬರೂ ಕೇಳುತ್ತಿರಲಿಲ್ಲ. ರಗ್ಬಿಯ ವ್ಯಾಜ್ಯದಲ್ಲಿಯೂ ಕೇಳದೆ ಉಳಿದಿರುವ ಪ್ರಶ್ನೆ ಇದೇ. 'ಸಮತೋಲನ'ವೆಂದು ಅವರು ಕರೆಯುವುದು ಇಬ್ಬರು ಒಡೆಯರ ನಡುವಿನ ಪಾಲುಪಟ್ಟಿಯನ್ನು. ಆ ಪಟ್ಟಿಯಲ್ಲಿ ಆಟಗಾರನ ದೇಹಕ್ಕೆಂದು ಒಂದು ಪಾಲಿಲ್ಲ.

ಎರಡು ಉದಾಹರಣೆಗಳನ್ನು ನೋಡೋಣ. ನ್ಯೂಜಿಲೆಂಡಿನ ಡ್ಯಾನ್ ಕಾರ್ಟರ್ ತನ್ನ ಮಂಡಳಿಯ ಅನುಮತಿ ಪಡೆದು ಫ್ರಾನ್ಸಿನ ಪರ್ಪಿನ್ಯಾನ್ ಕ್ಲಬ್ಬಿಗೆ ಹೋದ. 2009ರ ಆರಂಭದಲ್ಲಿ ಅಲ್ಲಿ ಆಡುವಾಗ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ನಷ್ಟ ಕ್ಲಬ್ಬಿಗೂ ಆಯಿತು, ಆ ವರ್ಷದ ಮೊದಲ ಟೆಸ್ಟ್‌ಗಳಲ್ಲಿ ದೇಶಕ್ಕೂ ಆಯಿತು. ಫ್ರಾನ್ಸಿನ ಆಂಟ್ವಾನ್ ಡ್ಯೂಪಾನ್ 2025ರ ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿ ದೇಶದ ಪರ ಆಡುವಾಗ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ. ಉಳಿದ ಋತುವನ್ನು ಆತನಿಲ್ಲದೆ ಕಳೆಯಬೇಕಾದದ್ದು ತುಲೂಸ್ ಕ್ಲಬ್ಬು. ಗಾಯವು ಅಂಗಿಯ ಬಣ್ಣ ನೋಡಿ ಬರುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ತಲೆಯ ಮಾತು. 2003ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ತಂಡದಲ್ಲಿದ್ದ ಸ್ಟೀವ್ ಥಾಂಪ್ಸನ್, ಅಕಾಲಿಕ ಮರೆವಿನ ರೋಗ ತನಗಿದೆಯೆಂದು 2020ರ ಡಿಸೆಂಬರ್‌ನಲ್ಲಿ ಬಹಿರಂಗಪಡಿಸಿದ. ಆ ಗೆಲುವಿನ ದಿನವೇ ತನಗೆ ನೆನಪಿಲ್ಲವೆಂದ. ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಕಾರಣವೆಂದು ಆತನೂ ಇತರ ಹಲವರೂ ಆಟದ ಆಡಳಿತ ಸಂಸ್ಥೆಗಳ ಮೇಲೆ ದಾವೆ ಹೂಡಿದರು. ಈ ಪೆಟ್ಟು ಕ್ಲಬ್ಬಿನದು, ಈ ಪೆಟ್ಟು ದೇಶದ್ದು, ಇದು ಅಭ್ಯಾಸದ್ದು ಎಂದು ಮೆದುಳು ಬೇರೆ ಬೇರೆ ಲೆಕ್ಕ ಇಡುವುದಿಲ್ಲವಷ್ಟೆ.

ಹಾಗಾದರೆ ಒಬ್ಬನೇ ಒಡೆಯನಿದ್ದರೆ ಸಾಕೇ? ಐರ್ಲೆಂಡಿನಲ್ಲಿ ಪ್ರಮುಖ ಆಟಗಾರರಿಗೆ ಮಂಡಳಿಯೇ ಸಂಬಳ ಕೊಡುತ್ತದೆ. ನಾಲ್ಕು ಪ್ರಾಂತೀಯ ತಂಡಗಳ ಪರ ಅವರು ಎಷ್ಟು ಆಡಬೇಕು, ಯಾವಾಗ ವಿಶ್ರಮಿಸಬೇಕು ಎಂಬುದರಲ್ಲಿ ಅದರ ಮಾತು ನಡೆಯುತ್ತದೆ. ಜಾನಿ ಸೆಕ್ಸ್‌ಟನ್ 38ರ ವಯಸ್ಸಿನಲ್ಲಿ 2023ರ ವಿಶ್ವಕಪ್ ಆಡಲು ಸಾಧ್ಯವಾದುದರಲ್ಲಿ ಈ ಏರ್ಪಾಡಿನ ಪಾಲೂ ಇದೆಯೆಂದು ನನ್ನ ಎಣಿಕೆ. ಆದರೆ ಒಬ್ಬನೇ ಒಡೆಯನೆಂದರೆ ಬೇರೆ ಬಾಗಿಲಿಲ್ಲವೆಂದೂ ಅರ್ಥ. ನ್ಯೂಜಿಲೆಂಡಿನಲ್ಲಿ ಹೊರದೇಶದ ಕ್ಲಬ್ಬು ಸೇರಿದವನಿಗೆ ಸಾಮಾನ್ಯವಾಗಿ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚುತ್ತದೆ. ಇಂಗ್ಲೆಂಡ್ ಕೂಡ ಈ ಬಗೆಯ ನಿಯಮ ಮಾಡಿಕೊಂಡಿದೆ. ಅದರ ಕ್ರೌರ್ಯ ಕಾಣಬೇಕಾದರೆ ಜ್ಯಾಕ್ ವಿಲ್ಲಿಸ್‌ನನ್ನು ನೋಡಬೇಕು. 2021ರಲ್ಲಿ ದೇಶದ ಪರ ಆಡುವಾಗ ಮೊಣಕಾಲಿಗೆ ತೀವ್ರ ಗಾಯ. 2022ರಲ್ಲಿ ಆತನ ಕ್ಲಬ್ಬಾದ ವಾಸ್ಪ್ಸ್ ದಿವಾಳಿ. ಅನ್ನ ಹುಡುಕಿಕೊಂಡು ತುಲೂಸ್‌ಗೆ ಹೋದವನಿಗೆ 2023ರ ವಿಶ್ವಕಪ್‌ವರೆಗೆ ರಿಯಾಯಿತಿ ಸಿಕ್ಕಿತು. ಅಲ್ಲಿಯೇ ನೆಲೆಸಿದ ಮೇಲೆ ಆಯ್ಕೆಯ ಅರ್ಹತೆ ಹೋಯಿತು.

ಇನ್ನು ಸಮೋವಾ, ಟೊಂಗಾ, ಫಿಜಿಯವರ ಪಾಡು. ಯುರೋಪಿನ ಕ್ಲಬ್ಬುಗಳ ಸಂಬಳದಿಂದಲೇ ಊರಿನ ಸಂಸಾರ ನಡೆಯಬೇಕಾದ ಅಲ್ಲಿನ ಆಟಗಾರರ ಮೇಲೆ, ದೇಶದ ಪರ ಆಡದಿರುವಂತೆ ಕ್ಲಬ್ಬುಗಳು ಒತ್ತಡ ತರುತ್ತವೆಂಬ ದೂರು ಬಹುಕಾಲದಿಂದಿದೆ. ಕಾಗದದ ಮೇಲೆ ನಿಯಮವಿದ್ದರೂ ಹಸಿದವನು ಅದನ್ನು ಚಲಾಯಿಸಲಾರ. 2022ರಲ್ಲಿ ಫಿಜಿಯದೇ ಆದ ಡ್ರುವಾ ತಂಡ ಸೂಪರ್ ರಗ್ಬಿ ಸೇರಿದ್ದರಿಂದ ಕೆಲವರಿಗಾದರೂ ತವರಿನಲ್ಲಿಯೇ ದುಡಿಯುವ ದಾರಿ ತೆರೆಯಿತು.

ನನ್ನ ಅಭಿಪ್ರಾಯ ಇಷ್ಟು. ಆಟಗಾರನಿಗೆ ಒಂದೇ ಲೆಕ್ಕದ ಪುಸ್ತಕವಿರಲಿ. ಕ್ಲಬ್ಬಿನ, ದೇಶದ, ಅಭ್ಯಾಸದ ಪೆಟ್ಟುಗಳೆಲ್ಲ ಅದರಲ್ಲಿ ಬರಲಿ. ವರ್ಷದ ಮಿತಿ ಮುಟ್ಟಿದೊಡನೆ ಯಾರ ಫೈನಲ್ ಇದ್ದರೂ ಆತ ಕೂರಲಿ. ಆ ಪುಸ್ತಕ ಹಿಡಿದ ವೈದ್ಯನಿಗೆ ಸಂಬಳ ಎರಡೂ ಪಕ್ಷಗಳಿಂದ ನೇರವಾಗಿ ಬಾರದಿರಲಿ. ಕರೆದೊಯ್ದವರ ಕೈಯಲ್ಲಿ ಗಾಯವಾದರೆ ಸಂಬಳದ ಹೊಣೆ ಅವರದಾಗಲಿ. ಎಲ್ಲಿ ದುಡಿಯುತ್ತಾನೆಂಬ ಕಾರಣಕ್ಕೆ ಯಾರಿಗೂ ತಾಯ್ನಾಡಿನ ಅಂಗಿ ತಪ್ಪದಿರಲಿ.

ಪಂದ್ಯ ಕಡಿಮೆಯಾದರೆ ಹಣ ಕಡಿಮೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಆಗುತ್ತದೆ, ಆಟಗಾರರ ಸಂಬಳವೂ ಸ್ವಲ್ಪ ಇಳಿಯುತ್ತದೆ. ಆದರೆ 2022ರಲ್ಲಿ ವೂಸ್ಟರ್ ಮತ್ತು ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಷ್ ಮುಳುಗಿದ್ದು ಕಿಕ್ಕಿರಿದ ವೇಳಾಪಟ್ಟಿಯ ನಡುವೆಯೇ ಎಂಬುದನ್ನು ಮರೆಯಬಾರದು. 2024ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಮಂಡಳಿ ಮತ್ತು ಕ್ಲಬ್ಬುಗಳು ಎಂಟು ವರ್ಷಗಳ ಹೊಸ ಒಪ್ಪಂದ ಮಾಡಿಕೊಂಡು, ಗರಿಷ್ಠ 25 ಆಟಗಾರರ ದೇಹಸ್ಥಿತಿಯ ವಿಷಯದಲ್ಲಿ ಕೊನೆಯ ಮಾತನ್ನು ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರನಿಗೆ ಕೊಟ್ಟಿವೆ. ಇದು ಮುಂದಿಟ್ಟ ಹೆಜ್ಜೆಯೇ. ಆದರೆ ಆ ತರಬೇತುದಾರನೂ ಶನಿವಾರ ಪಂದ್ಯ ಗೆಲ್ಲಲೇಬೇಕಾದವನು, ಅಂದರೆ ಕಕ್ಷಿದಾರರಲ್ಲಿ ಒಬ್ಬ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬುದು ನಮ್ಮ ಗಾದೆ. ಕೂಸು ಯಾರ ಮಡಿಲಲ್ಲಿರಬೇಕೆಂದು ಮೂವತ್ತು ವರ್ಷ ವಾದಿಸಿದ್ದಾಯಿತು. ಇನ್ನಾದರೂ ಅದರ ಮೈ ಮುಟ್ಟಿ ನೋಡಲಿ. ಓದುಗ ಮಿತ್ರರು ಏನೆನ್ನುತ್ತೀರಿ?