ವಾಯಿದೆ ಕೊಡಿ, ತಾರೀಖು ಊರಿಗೆ ತಿಳಿಸಿ

ಸಣ್ಣ ಉಲ್ಲಂಘನೆಗೆ ಒಮ್ಮೆಲೇ ದಂಡ ಬೇಡ, ಸರಿಪಡಿಸಿಕೊಳ್ಳಲು ವಾಯಿದೆ ಕೊಡಿ ಎಂಬ ಮಾತು ಪ್ರತಿ ಪರಿಸರ ಕಾಯ್ದೆಯ ಬೆನ್ನಿಗೂ ಬರುತ್ತದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕಲುಷಿತ ಸ್ಥಳಗಳ ನಿರ್ವಹಣಾ ನಿಯಮಗಳಿಗೂ ಅದು ಬಾರದೆ ಇರದು. ಅದು ಅನ್ಯಾಯದ ಬೇಡಿಕೆಯಲ್ಲ. ವರದಿ ಒಂದು ವಾರ ತಡವಾದದ್ದಕ್ಕೂ ರಾಸಾಯನಿಕದ ನೀರನ್ನು ರಾತ್ರೋರಾತ್ರಿ ಹಳ್ಳಕ್ಕೆ ಬಿಟ್ಟದ್ದಕ್ಕೂ ಒಂದೇ ಶಿಕ್ಷೆ ಇರಬಾರದು. ಆದರೆ ಯಾವುದು ಸಣ್ಣದು ಎಂದು ತೀರ್ಮಾನಿಸುವವರು ಯಾರು? ಆ ತೀರ್ಮಾನ ಪಕ್ಕದ ಹೊಲದವರಿಗೆ ಗೊತ್ತಾಗುತ್ತದೆಯೇ?

ಈ ಪ್ರಶ್ನೆಗೆ ಬಳ್ಳಾರಿಯೇ ಒಮ್ಮೆ ಉತ್ತರ ಕಂಡಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೂಡಿದ್ದ ಮೊಕದ್ದಮೆ ಅದು. ನ್ಯಾಯಾಲಯ ನೇಮಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿ ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಬಿ ಎಂದರೆ ಸಣ್ಣ ತಪ್ಪಿನವರು. ಗಡಿ ದಾಟಿ ತೋಡಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10ರ ಒಳಗಿರಬೇಕು, ಹೊರಗೆ ಸುರಿದ ಮಣ್ಣಿನ ರಾಶಿ ಶೇ 15ರ ಒಳಗಿರಬೇಕು. ಮೀರಿದರೆ ಸಿ, ಅಂದರೆ ಗುತ್ತಿಗೆ ರದ್ದು. ಬಿ ವರ್ಗದವರಿಗೂ ಮಾಫಿ ಇರಲಿಲ್ಲ. ಗುಂಡಿಯ ಒಂದೊಂದು ಹೆಕ್ಟೇರಿಗೆ 5 ಕೋಟಿ ರೂಪಾಯಿ, ಮಣ್ಣಿನ ರಾಶಿಯ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕು, ಹಾಳಾದ ನೆಲದ ಪುನಶ್ಚೇತನಕ್ಕೆ ಒಪ್ಪಬೇಕು, ಆಮೇಲೆ ಗಣಿ. 2013ರ ಏಪ್ರಿಲ್ 18ರ ತೀರ್ಪು ಇದಕ್ಕೆ ಮುದ್ರೆ ಒತ್ತಿತು. ಶೇ 10 ಎಂಬುದು ಉದಾರವಾಯಿತು ಎಂದೇ ನಮ್ಮ ಅಭಿಪ್ರಾಯ. ಸಂಡೂರಿನ ಗುಡ್ಡಗಳಲ್ಲಿ ಅಷ್ಟು ಗುಂಡಿಯೂ ಸಣ್ಣದಲ್ಲ. ಆದರೂ ಗೆರೆ ಯಾವುದೆಂದು ಎಲ್ಲರಿಗೂ ತಿಳಿದಿತ್ತು. ಅಳತೆ ಹಿಡಿದು ಯಾರು ಬೇಕಾದರೂ ಪ್ರಶ್ನಿಸಬಹುದಿತ್ತು.

ಹೊಸ ನಿಯಮಗಳಲ್ಲಿ ಅಂಥ ಅಳತೆಗೋಲು ಊರಿನವರ ಕೈಗೆ ಸಿಗುವುದಿಲ್ಲ. ಗಣಿಗಾರಿಕೆಯ ಮಾಲಿನ್ಯವನ್ನು ಈ ನಿಯಮಗಳು ಹೊರಗಿಟ್ಟಿವೆ. ನಮ್ಮ ಜಿಲ್ಲೆಯ ದೊಡ್ಡ ಗಾಯವೇ ಹೊರಗುಳಿಯಿತು. ಅದು ಪ್ರತ್ಯೇಕವಾಗಿ ಬರೆಯಬೇಕಾದ ಸಂಗತಿ. ಇನ್ನು ಉಳಿದದ್ದು ಕಾರ್ಖಾನೆಗಳ ಅಂಗಳ, ಬಣ್ಣದ ನೀರು ಇಂಗಿದ ನೆಲ, ರಾಸಾಯನಿಕ ತ್ಯಾಜ್ಯ ಹೂತ ಜಾಗ. ಮೆದು ಕಬ್ಬಿಣ ಕಾರ್ಖಾನೆಯ ಸಮೀಪದ ಹೊಲದಲ್ಲಿ ಮೆಣಸಿನಕಾಯಿ ಒಣಹಾಕಿದ ಟಾರ್ಪಾಲಿನ ಮೇಲೆ ಬೆರಳು ಎಳೆದರೆ ಕಪ್ಪು ದೂಳು ಹತ್ತುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಜಗಳಕ್ಕೆ ಸಾಕ್ಷಿಯಾಗುತ್ತದೆ. ಕೊಳವೆಬಾವಿಯ ನೀರು ಹಾಗಲ್ಲ. ತಂಬಿಗೆಯಲ್ಲಿ ಹಿಡಿದರೆ ತಿಳಿಯಾಗಿಯೇ ಇರುತ್ತದೆ. ಅದರಲ್ಲಿ ಸೀಸವಿದೆಯೋ ಕ್ರೋಮಿಯಂ ಇದೆಯೋ ನಾಲಿಗೆ ಹೇಳಲಾರದು. ಹೇಳಬೇಕಾದದ್ದು ಪ್ರಯೋಗಾಲಯದ ಒಂದು ಹಾಳೆ. ಆದ್ದರಿಂದ ಇಲ್ಲಿ "ಬರೀ ಕಾಗದದ ತಪ್ಪು" ಎಂಬ ಮಾತು ನಿಲ್ಲುವುದಿಲ್ಲ. ನೀರಿನ ಮಾದರಿ ಸಕಾಲಕ್ಕೆ ತೆಗೆಯದಿದ್ದರೆ, ಫಲಿತಾಂಶ ಸಲ್ಲಿಸದಿದ್ದರೆ, ಬೇಲಿ ಹಾಕಿ ಎಚ್ಚರಿಕೆಯ ಫಲಕ ನಿಲ್ಲಿಸದಿದ್ದರೆ ಊರು ಕುರುಡಾಗುತ್ತದೆ. ದನ ಅಲ್ಲಿಯೇ ಮೇಯುತ್ತದೆ, ಮಕ್ಕಳು ಅಲ್ಲಿಯೇ ಆಡುತ್ತಾರೆ.

ವಾಯಿದೆಯೂ ನಿಯಮದೊಳಗೆ ಈಗಾಗಲೇ ಸಾಕಷ್ಟಿದೆ. ಶಂಕಿತ ಸ್ಥಳಗಳ ಬಗ್ಗೆ ಜಿಲ್ಲಾಡಳಿತ ವರದಿ ಕೊಡುವುದು ಆರು ತಿಂಗಳಿಗೊಮ್ಮೆ. ಪ್ರಾಥಮಿಕ ಪರಿಶೀಲನೆಗೆ 90 ದಿನ. ವಿವರವಾದ ಸಮೀಕ್ಷೆಗೆ ಮತ್ತೆ ಮೂರು ತಿಂಗಳು. ಎಲ್ಲವೂ ಹೇಳಿದ ದಿನಕ್ಕೇ ನಡೆದರೂ ಒಂದು ವರ್ಷ ಹಿಡಿಯಬಹುದು. ನಿಯಮ ಬಂದಾಗ ದೇಶದಲ್ಲಿ ಗುರುತಿಸಿದ್ದ ಕಲುಷಿತ ಸ್ಥಳಗಳು 103. ಶುದ್ಧೀಕರಣ ಆರಂಭವಾಗಿದ್ದದ್ದು ಏಳರಲ್ಲಿ ಮಾತ್ರ. ಶಿಕ್ಷೆಯೂ ಹಗುರಾಗಿದೆ. ಈ ನಿಯಮಗಳಿಗೆ ಆಧಾರವಾದ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ ಇದ್ದ ಐದು ವರ್ಷದವರೆಗಿನ ಜೈಲು 2024ರ ಏಪ್ರಿಲ್‌ನಿಂದ ಇಲ್ಲ; 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಅದರ ಜಾಗಕ್ಕೆ ಬಂದಿದೆ. ಜೈಲಿನ ಭಯ ಹೋದ ಮೇಲೆ ಉಳಿದಿರುವ ಬಿಗಿ ಎಂದರೆ ಗಡುವು. ಅದನ್ನೂ ಬೇಕಾಬಿಟ್ಟಿ ಸಡಿಲಿಸಲಾಗದು.

ನಮೂನೆ ತಪ್ಪಿದ್ದರೆ, ಸಹಿ ಬಿಟ್ಟುಹೋಗಿದ್ದರೆ ಹದಿನೈದು ದಿನ ಕೊಡಲಿ, ಯಾರ ತಕರಾರೂ ಇಲ್ಲ. ನೀರಿನ ಮಾದರಿ, ಬೇಲಿ, ಎಚ್ಚರಿಕೆಯ ಫಲಕ, ಪರೀಕ್ಷೆಯ ಫಲಿತಾಂಶ ಈ ಪಟ್ಟಿಗೆ ಸೇರಬಾರದು. ಯಾವ ವಾಯಿದೆಯೇ ಆಗಲಿ, ಒಮ್ಮೆ ಮಾತ್ರ. ಅದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಡತದಲ್ಲಿ ಉಳಿಯಬಾರದು. ಕೊಟ್ಟ ದಿನವೇ, ಕನ್ನಡದಲ್ಲಿ, ನಮ್ಮ ಜಿಲ್ಲೆಯ ಕೊಳಗಲ್ಲಿನಂಥ ಊರಿನ ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ನಾಲ್ಕು ಸಾಲು ಸಾಕು. ಆಗದೆ ಉಳಿದ ಕೆಲಸ ಯಾವುದು, ಯಾವ ತಾರೀಖಿನೊಳಗೆ ಆಗಬೇಕು, ತಪ್ಪಿದರೆ ದಿನಕ್ಕೆ ದಂಡ ಎಷ್ಟು, ಅಲ್ಲಿಯತನಕ ಆ ಓಣಿಗೆ ಕುಡಿಯುವ ನೀರು ಯಾರು ತಂದುಕೊಡುತ್ತಾರೆ.