60 ಅನ್ನು 10 ಮಾಡಿದ್ದು ಯಾಕೆ?

ಪುಣೆಯ ನಗರ ರಸ್ತೆ ಬಿಟ್ಟು ಮುಳಾ-ಮುಠಾ ನದಿಯ ಕಡೆಗೆ ಹೊರಳಿದರೆ ಖರಾಡಿ. ಇಯಾನ್ ಐಟಿ ಪಾರ್ಕ್, ವರ್ಲ್ಡ್ ಟ್ರೇಡ್ ಸೆಂಟರ್ ಇರುವುದು ಇಲ್ಲೇ. ಈ ಕಟ್ಟಡಗಳಲ್ಲಿ ಕೂತು ಕೆಲಸ ಮಾಡುವವರು ಸಂಭಾಳಿಸುವ ಎಷ್ಟೋ ಸರ್ವರುಗಳು ಬೇರೆ ಊರಲ್ಲಿ, ಬೇರೆ ದೇಶದಲ್ಲಿರುತ್ತವೆ. ಬ್ಯಾಂಕು, ವಿಮೆಗಳ ದಿನದ ಲೆಕ್ಕ ಮುಗಿಯುವುದು ರಾತ್ರಿ ಹೊತ್ತು. ಬೆಳಗಾಗುವುದರೊಳಗೆ ಅದು ಮುಗಿಯದಿದ್ದರೆ ಫೋನು ಬಡಿದುಕೊಳ್ಳುತ್ತದೆ. ಆ ಫೋನು ಎತ್ತುವವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಹೋದವರೂ ಇದ್ದಾರೆ.

ಸರ್ವರು ನಿಧಾನವಾದಾಗ ಇಂಥ ಕಚೇರಿಗಳಲ್ಲಿ ಮೊದಲು ಹೊರಬರುವುದು ಒಂದು ಪಟ್ಟಿ. ಸ್ವಾಪಿನೆಸ್ 60 ಇದ್ದರೆ 10 ಮಾಡಿ. ಹ್ಯೂಜ್ ಪೇಜ್ ಆಫ್ ಮಾಡಿ. ಇನ್ನೊಂದು ಅಂಕಿ ಏರಿಸಿ, ಮತ್ತೊಂದು ಇಳಿಸಿ. ಯಾಕೆ ಎಂದು ಕೇಳಿದರೆ ಸಿಗುವ ಉತ್ತರ: ‘ಮೊದಲಿಂದಲೂ ಹಾಗೇ ಇದೆ.’ ಕಾರಣವಿಲ್ಲದ ಅಂಕಿ ಜ್ಞಾನವಲ್ಲ, ಬರೀ ರೂಢಿ. ಈ ರೂಢಿಯ ಹಿಂದೆ ಬೇರೆಯವರ ದುಡ್ಡೂ ಅಡವಿಟ್ಟಿರುವುದರಿಂದ ಇದು ಎಂಜಿನಿಯರುಗಳ ಒಳಜಗಳವಾಗಿ ಮಾತ್ರ ಉಳಿಯುವುದಿಲ್ಲ.

ಮೊದಲು ಅಳತೆಯ ಅಂದಾಜು ಇರಲಿ. ಮೆಮೊರಿಯಿಂದ ಒಂದು ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡು ಬೇಕು. ಎಸ್‌ಎಸ್‌ಡಿಯಿಂದ ತರಲು ಅದರ ಸಾವಿರ ಪಟ್ಟು. ತಿರುಗುವ ಹಳೆಯ ಡಿಸ್ಕಿನಿಂದ ತರಲು ಹೆಚ್ಚುಕಮ್ಮಿ ಲಕ್ಷ ಪಟ್ಟು. ಮೆಮೊರಿಯ ಕೆಲಸವನ್ನು ಒಂದು ಸೆಕೆಂಡು ಅಂದುಕೊಂಡರೆ ಎಸ್‌ಎಸ್‌ಡಿಗೆ ಹದಿನೇಳು ನಿಮಿಷ, ಡಿಸ್ಕಿಗೆ ಒಂದು ದಿನ ಮೀರುತ್ತದೆ. ಸರ್ವರ್ ಟ್ಯೂನಿಂಗ್ ಎಂಬುದೆಲ್ಲ ಈ ಅಂತರವನ್ನು ನಿಭಾಯಿಸುವ ಕಸರತ್ತು: ಏನನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಬೇಕು, ಏನನ್ನು ಅಟ್ಟಕ್ಕೆ ಹಾಕಬೇಕು.

ಸ್ವಾಪಿನೆಸ್ ಇದಕ್ಕೆ ಸಂಬಂಧಿಸಿದ ಅಂಕಿ. ಮೆಮೊರಿ ಶೇ. 60 ತುಂಬಿದ ಮೇಲೆ ಸ್ವಾಪ್ ಶುರುವಾಗುತ್ತದೆ ಎಂದು ನಂಬಿದವರು ಬಹಳ. ಅದು ಹಾಗಲ್ಲ. ಜಾಗ ಸಾಲದಾದಾಗ ಕರ್ನೆಲ್ ಮುಂದೆ ಎರಡು ದಾರಿ: ಫೈಲುಗಳಿಂದ ಓದಿ ಇಟ್ಟುಕೊಂಡ ಪ್ರತಿಯನ್ನು ಬಿಡುವುದು, ಇಲ್ಲವೇ ಪ್ರೋಗ್ರಾಮಿನ ಸ್ವಂತ ಮೆಮೊರಿಯನ್ನು ಡಿಸ್ಕಿಗೆ ದಾಟಿಸುವುದು. ಇವೆರಡರಲ್ಲಿ ಯಾವ ಕಡೆಗೆ ಎಷ್ಟು ವಾಲಬೇಕು ಎಂಬುದನ್ನು ಆ ಅಂಕಿ ಹೇಳುತ್ತದೆ. ತಿರುಗುವ ಡಿಸ್ಕಿನ ಕಾಲದಲ್ಲಿ ಡೇಟಾಬೇಸ್ ಯಂತ್ರಕ್ಕೆ 10 ಎಂಬುದು ಒಪ್ಪುವ ಮಾತಾಗಿತ್ತು. ಆದರೆ 2020ರ ಲಿನಕ್ಸ್ 5.8ರಿಂದ ಈ ಅಂಕಿಯ ಮಿತಿಯನ್ನೇ 100ರಿಂದ 200ಕ್ಕೆ ಏರಿಸಲಾಗಿದೆ. ವೇಗದ ಸಾಧನವಿದ್ದಲ್ಲಿ, ಫೈಲನ್ನು ಮತ್ತೆ ಓದುವುದಕ್ಕಿಂತ ಸ್ವಾಪ್ ಮಾಡುವುದೇ ಅಗ್ಗವಾಗಬಹುದು ಎಂಬುದು ಅದರ ತರ್ಕ. ಯಂತ್ರ ಬದಲಾಯಿತು, ಪಟ್ಟಿ ಬದಲಾಗಲಿಲ್ಲ.

ಪಟ್ಟಿಯನ್ನು ಮುಟ್ಟದೆ ಬಿಟ್ಟರೂ ಸುರಕ್ಷಿತವಲ್ಲ. ಬರೆಯಬೇಕಾದ ಮಾಹಿತಿ ಮೆಮೊರಿಯಲ್ಲಿ ಎಷ್ಟು ರಾಶಿ ಬೀಳಬಹುದು ಎಂಬುದಕ್ಕೆ ಲಿನಕ್ಸಿನ ಮೂಲ ಮಿತಿ ಲಭ್ಯ ಮೆಮೊರಿಯ ಶೇ. 20. ಮೆಮೊರಿಯನ್ನು ಮೆಗಾಬೈಟುಗಳಲ್ಲಿ ಎಣಿಸುತ್ತಿದ್ದಾಗ ಇದು ಚಿಕ್ಕ ಮೊತ್ತ. 512 ಜಿಬಿ ಯಂತ್ರದಲ್ಲಿ ಅದು 100 ಜಿಬಿಯ ಆಸುಪಾಸು. ಸೆಕೆಂಡಿಗೆ 500 ಎಂಬಿ ಬರೆಯುವ ಡಿಸ್ಕು ಅಷ್ಟನ್ನು ಇಳಿಸಲು ಮೂರು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಬರೆಯಲು ಬಂದ ಪ್ರೋಗ್ರಾಮುಗಳು ಸಾಲಿನಲ್ಲಿ ಕಾಯಬೇಕಾಗುತ್ತದೆ. ಶೇಕಡಾ ಬಿಟ್ಟು ಇಷ್ಟೇ ಬೈಟು ಎಂದು ಮಿತಿ ಹಾಕುವ ಸೌಲಭ್ಯ ಕರ್ನೆಲ್‌ನಲ್ಲಿದೆ. ಅದನ್ನು ಬಳಸಬೇಕೆಂದರೆ ತಮ್ಮ ಡಿಸ್ಕು ಎಷ್ಟು ಬರೆಯುತ್ತದೆ ಎಂಬುದನ್ನು ಒಮ್ಮೆಯಾದರೂ ಅಳೆದಿರಬೇಕು.

ಇಷ್ಟರಲ್ಲಿ ನಷ್ಟವಾಗುವುದು ಸಮಯ ಮತ್ತು ನಿದ್ದೆ. ಮುಂದಿನದು ಬೇರೆ ಬಗೆಯದು. ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ, ಪ್ರತಿ ವಹಿವಾಟು ಮುಗಿದಾಗ ಅದರ ದಾಖಲೆಯನ್ನು ಡಿಸ್ಕಿಗೆ ಇಳಿಸಿಯೇ ‘ಆಯಿತು’ ಎನ್ನಬೇಕೋ ಬೇಡವೋ ಎಂದು ನಿರ್ಧರಿಸುವ ಒಂದು ಅಂಕಿ ಇದೆ. ಮೂಲದಲ್ಲಿ ಅದು 1: ಇಳಿಸಿಯೇ ಹೇಳು. ಅದನ್ನು 2 ಮಾಡಿದರೆ ಡಿಸ್ಕಿನ ಹೊರೆ ಇಳಿಯುತ್ತದೆ, ಗ್ರಾಫು ಚಂದ ಕಾಣುತ್ತದೆ, ಮೀಟಿಂಗಿನಲ್ಲಿ ಮೆಚ್ಚುಗೆ ಸಿಗುತ್ತದೆ. ಆದರೆ ಕರೆಂಟು ಹೋದರೆ ಕೊನೆಯ ಸುಮಾರು ಒಂದು ಸೆಕೆಂಡಿನ ವಹಿವಾಟು ಇಲ್ಲವಾಗಬಹುದು. ಗ್ರಾಹಕನಿಗೆ ‘ಆಯಿತು’ ಎಂದು ಹೇಳಿಯಾಗಿರುತ್ತದೆ. ಒಂದು ಸೆಕೆಂಡು ಅಂದರೆ ಎಷ್ಟು? 2023ರ ಆಗಸ್ಟ್‌ನಲ್ಲಿ ದೇಶದ ಯುಪಿಐ ವಹಿವಾಟು ತಿಂಗಳಿಗೆ 1,000 ಕೋಟಿ ದಾಟಿತು. ಭಾಗಿಸಿ ನೋಡಿದರೆ ಸೆಕೆಂಡಿಗೆ 3,700ಕ್ಕೂ ಹೆಚ್ಚು. ಪ್ರತಿಯೊಂದರ ಹಿಂದೆ ಒಬ್ಬ ತರಕಾರಿಯವಳೋ, ಆಟೋದವನೋ ಇರುತ್ತಾರೆ.

ನಾಳೆ ಮತ್ತೆ ಕೂಡಿಸಿಕೊಳ್ಳಬಹುದಾದ ವರದಿಗೆ 2 ಇದ್ದರೂ ನಡೆದೀತು. ಹಣದ ಲೆಡ್ಜರಿಗೆ ಅದೇ 2 ಬಂದರೆ ಅದು ವೇಗವಲ್ಲ, ಬೇರೆಯವರ ಹೆಸರಲ್ಲಿ ಮಾಡಿದ ಸಾಲ. ಎರಡು ಫೈಲುಗಳಲ್ಲೂ ಬರೆದಿರುವುದು ಒಂದೇ ಅಂಕಿ. ವ್ಯತ್ಯಾಸವಿರುವುದು ಕಾರಣದಲ್ಲಿ, ಕಾರಣವನ್ನು ಮಾತ್ರ ಯಾರೂ ಬರೆದಿಲ್ಲ.

ರಾತ್ರಿ ಎರಡು ಗಂಟೆಗೆ ನೂರಾರು ಸರ್ವರು ನೋಡಿಕೊಳ್ಳುವವರಿಗೆ ಸಂಶೋಧನೆಗೆ ಪುರುಸೊತ್ತೆಲ್ಲಿ ಎಂದು ಕೇಳಬಹುದು. ಮಾತು ನಿಜ. ಹಾಗಾಗಿಯೇ ರೆಡ್ ಹ್ಯಾಟ್‌ನಂಥವರು ಕೆಲಸಕ್ಕೆ ತಕ್ಕ ಸಿದ್ಧ ಪ್ರೊಫೈಲುಗಳನ್ನು ಕೊಡುತ್ತಾರೆ. ಅಲ್ಲಿಂದ ಶುರುಮಾಡುವುದರಲ್ಲಿ ತಪ್ಪಿಲ್ಲ. ಆದರೆ ರಾತ್ರಿ ಎರಡು ಗಂಟೆ ಅಂಕಿ ಬದಲಿಸುವ ಹೊತ್ತೇ ಅಲ್ಲ. ಬದಲಿಸಲೇಬೇಕಾಗಿ ಬಂದರೂ ಒಂದು ಸಲಕ್ಕೆ ಒಂದೇ ಅಂಕಿ. ಐದನ್ನು ಒಟ್ಟಿಗೆ ತಿರುಗಿಸಿ ಸರ್ವರು ಚೇತರಿಸಿಕೊಂಡರೆ, ಯಾವುದರಿಂದ ಚೇತರಿಸಿಕೊಂಡಿತು ಎಂದು ಯಾರಿಗೂ ತಿಳಿಯುವುದಿಲ್ಲ. ಐದೂ ಪಟ್ಟಿ ಸೇರಿ ಮುಂದಿನ ತಂಡಕ್ಕೆ ಹಾದುಹೋಗುತ್ತವೆ.

ಈ ಹಾದುಹೋಗುವಿಕೆಯಲ್ಲಿ ಭಾಷೆಯ ವಿಷಯವೂ ಇದೆ. ಪಾಳಿ ಬದಲಾಗುವಾಗ ಕಾರಣಗಳ ಮಾತು ನಡೆಯುವುದು ಹಿಂದಿಯಲ್ಲಿ, ಮರಾಠಿಯಲ್ಲಿ, ನಡುವೆ ಕನ್ನಡದಲ್ಲಿ. ಫೈಲಿನಲ್ಲಿ ಉಳಿಯುವುದು ಇಂಗ್ಲಿಷಿನ ಒಂದು ಪದ, ಒಂದು ಅಂಕಿ. ತಂಡದಲ್ಲಿ ಚೆನ್ನಾಗಿ ಅರ್ಥ ಮಾಡಿಕೊಂಡವನಿಗೆ ಬರೆಯಲು ಸಂಕೋಚ. ಇಂಗ್ಲಿಷು ಸಲೀಸಾಗಿ ಬರೆಯುವವನಿಗೆ ಒಳಗಿನ ಕಾರಣ ಗೊತ್ತಿಲ್ಲ. ಬಲ್ಲವನು ಬೇರೆ ಕಂಪನಿಗೆ ಹೋದ ದಿನ ಕಾರಣವೂ ಅವನ ಜೊತೆ ಹೋಗುತ್ತದೆ.

ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ. ಬದಲಿಸಿದ ಪ್ರತಿ ಅಂಕಿಯ ಪಕ್ಕ ನಾಲ್ಕು ಸಾಲು ಇದ್ದರೆ ಸಾಕು: ಮೊದಲು ಏನು ಅಳೆದೆವು, ಬದಲಿಸಿದ ಮೇಲೆ ಎಷ್ಟಾಯಿತು, ಇದರಿಂದ ಏನು ಕಳೆದುಹೋಗಬಹುದು, ಯಂತ್ರ ಬದಲಾದಾಗ ಯಾರು ಮತ್ತೆ ನೋಡಬೇಕು. ವ್ಯಾಕರಣ ತಪ್ಪಿದರೂ ಪರವಾಗಿಲ್ಲ. ಮೂರನೆಯ ಸಾಲಿಗೆ ಮಾತ್ರ ಆ ದುಡ್ಡಿಗೆ ಜವಾಬ್ದಾರರಾದ ಮೇಲಿನವರ ಒಪ್ಪಿಗೆ ಇರಬೇಕು. ಒಂದು ಸೆಕೆಂಡಿನ ಲೆಕ್ಕ ಹೋದರೆ ಹೋಗಲಿ ಎಂದು ತೀರ್ಮಾನಿಸುವ ಭಾರವನ್ನು ರಾತ್ರಿ ಪಾಳಿಯ ಇಪ್ಪತ್ತೈದರ ಹುಡುಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.